ಮೂರನೆಯ ಗೇರು

ಶಿಷ್ಯ ಸಂಗಯ್ಯ ಕೇಳಿದ: "ಗುರುಗಳೇ, ನಾನೂ ನನ್ನ ಅಣ್ಣನೂ ಮಾತು ಬಿಟ್ಟು ವರ್ಷಗಳಾದವು. ಈಗ ಅವನು ಹಾಸಿಗೆ ಹಿಡಿದಿದ್ದಾನೆ. ನನ್ನನ್ನು ನೋಡಬೇಕೆಂದು ಹೇಳಿ ಕಳಿಸಿದ್ದಾನೆ. ಆದರೆ ನನ್ನೊಳಗೆ ಸಿಟ್ಟು ಇನ್ನೂ ಉಳಿದಿದೆ. ಅದನ್ನು ಪೂರ್ತಿ ಕಳೆದುಕೊಂಡೇ ಅವನ ಮುಂದೆ ನಿಲ್ಲಬೇಕೆಂದಿದ್ದೇನೆ. ಮಠದ ಗೆಳೆಯರೆಲ್ಲ ದಿನವೂ ಜೊತೆಗೆ ಕುಳಿತು ನೆರವಾಗುತ್ತಿದ್ದಾರೆ. ಮನಸ್ಸು ಶುದ್ಧವಾಯಿತೆಂದು ತಿಳಿಯುವುದು ಹೇಗೆ?"

ಗುರುಗಳು ಹೇಳಿದರು: "ನಿನ್ನ ಗೆಳೆಯರು ಒಳ್ಳೆಯವರು. ನನಗೆ ಭಯವಾಗುವುದೇ ಅದಕ್ಕೆ. ಕೇಳು."

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಅವನಿಗೆ ಒಂದು ಹಳೆಯ ಕಾರಿತ್ತು. ಅದರ ಮೂರನೆಯ ಗೇರು ನಿಲ್ಲುತ್ತಿರಲಿಲ್ಲ. ಹಾಕಿದ ಸ್ವಲ್ಪ ಹೊತ್ತಿಗೆ ಗೇರಿನ ಕೋಲು ತಾನೇ ಹಾರಿ ಹಿಂದಕ್ಕೆ ಬರುತ್ತಿತ್ತು. ಉಳಿದ ಗೇರುಗಳಿಗೆ ಏನೂ ಆಗಿರಲಿಲ್ಲ.

ಅವನ ಹೆಂಡತಿ ನೀಲವ್ವ. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡವಳು. ಅವಳನ್ನು ಸಾಕಿದವಳು ತಾಯಿಯ ತಂಗಿ, ಚಿಗವ್ವ. ಆ ಚಿಗವ್ವ ದೂರದ ಹಳ್ಳಿಯಲ್ಲಿ ಅನ್ನ ಬಿಟ್ಟು ಮಲಗಿದ್ದಳು. ಒಂದು ಸಲ ಮುಖ ತೋರಿಸಿ ಹೋಗು ಎಂದು ಹೇಳಿ ಕಳಿಸಿದಳು. ನೀಲವ್ವನ ಸೊಂಟದ ಮೂಳೆ ಮುರಿದು ಕೂಡಿಸಿದ್ದರು, ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಬಾಡಿಗೆ ಕಾರು ತರಿಸಬಹುದಿತ್ತು. ಆದರೆ ಮನೆಯ ಮುಂದೆ ಸ್ವಂತ ಕಾರಿಟ್ಟುಕೊಂಡು ಬಾಡಿಗೆಗೆ ಹೋಗುವುದೆಂದರೆ ವ್ಯಾಪಾರಿಗೆ ಮೂಗು ಕೊಯ್ದಂತಾಗುತ್ತಿತ್ತು.

ನೀಲವ್ವ ಹೇಳಿದಳು: "ಆ ಗೇರಿನ ಕೋಲು ಹಾರದಂಗ ನಾನ ಹಿಡಕೊಂಡು ಕೂಡ್ತೀನ್ರಿ. ನೀವು ನಡಸ್ರಿ, ಹೋಗಿ ಬರೂಣು."

ವ್ಯಾಪಾರಿ ನಕ್ಕ. "ಹುಚ್ಚಿ, ಕಾರಂದ್ರ ಚಕ್ಕಡಿ ಅಂತ ತಿಳಿದೀಯೇನು? ಒಂದು ರವಿವಾರ ತಡಿ. ಗೆಳ್ಯಾರು ಬರ್ತಾರ. ಸರಿ ಮಾಡಿ ರಾಣಿ ಹಂಗ ಕರಕೊಂಡು ಹೋಗ್ತೀನಿ."

ಗೆಳೆಯರು ಬಂದರು. ಒಬ್ಬ ದರ್ಜಿ, ಒಬ್ಬ ಪೋಸ್ಟ್ ಮಾಸ್ತರ, ಒಬ್ಬ ಕಾಲೇಜಿನ ಮೇಷ್ಟ್ರು. ಮೂವರಿಗೂ ಹಳೆಯ ಕಾರಿನ ಹುಚ್ಚು. ದುಡ್ಡಿಗೆ ಬಂದವರಲ್ಲ, ಹೆಸರಿಗೆ ಬಂದವರೂ ಅಲ್ಲ. ಕಾರನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿ, ಕೆಳಗೆ ತೂರಿ, ಗೇರುಪೆಟ್ಟಿಗೆಯನ್ನು ಇಳಿಸಿ, ಅಂಗಳದಲ್ಲಿ ತಾಡಪತ್ರಿಯ ಮೇಲಿಟ್ಟು ಬಿಚ್ಚಿದರು. ರೋಗ ಅವತ್ತೇ ಸಿಕ್ಕಿತು. ಗೇರನ್ನು ಅದರ ಜಾಗದಲ್ಲಿ ಹಿಡಿದು ನಿಲ್ಲಿಸುವುದು ಒಂದು ಉಕ್ಕಿನ ಗುಂಡು, ಆ ಗುಂಡನ್ನು ಒತ್ತಿ ಹಿಡಿಯುವುದು ಒಂದು ಸಣ್ಣ ಸ್ಪ್ರಿಂಗು. ಸ್ಪ್ರಿಂಗು ಸೋತಿತ್ತು. ದರ್ಜಿ ಪೇಟೆಗೆ ಹೋಗಿ ಹೊಸದನ್ನು ತಂದ. ಕೂರಿಸಿ ಮುಚ್ಚಿದ್ದರೆ ಸಂಜೆಯೊಳಗೆ ಕಾರು ಹೊರಡುತ್ತಿತ್ತು.

ಆಗ ಮೇಷ್ಟ್ರು ಒಂದು ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದರು. "ಇದೂ ಸ್ವಲ್ಪ ಸಪ್ಪಳ ಮಾಡ್ತೈತಿ. ಹೆಂಗೂ ಬಿಚ್ಚೇವಲ್ಲ, ಬದಲಿ ಮಾಡಿಬಿಡೂಣು."

ಈ 'ಹೆಂಗೂ ಬಿಚ್ಚೇವಲ್ಲ' ಎನ್ನುವುದು ರಿಪೇರಿ ಹುಚ್ಚಿನವರ ಮಂತ್ರ. ಬೇರಿಂಗು ಬರಲು ಒಂದು ವಾರ ಹಿಡಿಯಿತು. ಬಂದ ಮೇಲೆ ಪೋಸ್ಟ್ ಮಾಸ್ತರನ ಕಣ್ಣು ಗೇರುಗಳ ನಡುವಿನ ಹಿತ್ತಾಳೆಯ ಬಳೆಗಳ ಮೇಲೆ ಬಿತ್ತು. ಸವೆದಿವೆ ಎಂದ. ಇನ್ನೂ ನಡೆಯುತ್ತವೆ ಎಂದು ಅವನಿಗೂ ಗೊತ್ತಿತ್ತು. ಆದರೂ ಹೇಗೂ ಬಿಚ್ಚಿದ್ದಾರಲ್ಲ. ಅವಕ್ಕೆ ಪುಣೆಗೆ ಹೇಳಿ ಕಳಿಸಿದರು. ಅವು ಬರುವ ತನಕ ಸುಮ್ಮನೆ ಕೂರುವುದೇಕೆಂದು ದರ್ಜಿ ಪೆಟ್ಟಿಗೆಯ ಹೊರಮೈ ಉಜ್ಜಿ ಬೂದು ಬಣ್ಣ ಹೊಡೆದ. ಕಾರಿನ ಹೊಟ್ಟೆಯ ಕೆಳಗಿರುವ ಪೆಟ್ಟಿಗೆ ಅದು. ನೆಲ ಬಿಟ್ಟರೆ ಅದನ್ನು ನೋಡುವವರು ಯಾರೂ ಇಲ್ಲ.

ಆ ರವಿವಾರಗಳು ಚೆನ್ನಾಗಿದ್ದವು, ಸುಳ್ಳು ಹೇಳಬಾರದು. ಅಂಗಳದ ತುಂಬ ನಗು. ಒಬ್ಬನ ಕೈಗೆ ಎಟುಕದ ನಟ್ಟು ಇನ್ನೊಬ್ಬನ ಕೈಗೆ ಎಟುಕುತ್ತಿತ್ತು. ವ್ಯಾಪಾರಿ ಅಂಥ ಸ್ನೇಹವನ್ನು ಜನ್ಮದಲ್ಲಿ ಕಂಡಿರಲಿಲ್ಲ. ನೀಲವ್ವ ಗೋಡೆ ಹಿಡಿದುಕೊಂಡು ಬಂದು ಗಿರಮಿಟ್ಟು, ಚಹಾ ಇಟ್ಟು ಹೋಗುತ್ತಿದ್ದಳು. ಇವತ್ತು ಮುಗಿಯುತ್ತದೆಯೇ ಎಂದು ಪ್ರತಿ ಸಲವೂ ಕೇಳುತ್ತಿದ್ದಳು. ನಾಲ್ವರೂ ಒಟ್ಟಿಗೆ, ಬರುವ ರವಿವಾರ ಖಂಡಿತ ಎನ್ನುತ್ತಿದ್ದರು. ಕೊನೆಕೊನೆಗೆ ಅವಳು ಕೇಳುವುದನ್ನು ಬಿಟ್ಟಳು. ಕೇಳಿದರೆ ಗಂಡನ ಖುಷಿ ಕೆಡುತ್ತದೆಂದು ಸುಮ್ಮನಿದ್ದಳು.

ಒಂದು ಮಂಗಳವಾರ ಚಿಗವ್ವ ತೀರಿಕೊಂಡ ಸುದ್ದಿ ಬಂತು.

ಗೇರುಪೆಟ್ಟಿಗೆ ಅಂಗಳದಲ್ಲೇ ಇತ್ತು. ವ್ಯಾಪಾರಿ ಓಡಿಹೋಗಿ ಬಾಡಿಗೆ ಕಾರು ತಂದ. ಮೂಗಿನ ಮಾತು ಅವತ್ತು ಅವನಿಗೆ ನೆನಪಾಗಲಿಲ್ಲ. ಹೆಂಡತಿಯನ್ನು ಹಿಂದೆ ಕೂರಿಸಿ ತಾನು ಡ್ರೈವರನ ಪಕ್ಕದಲ್ಲಿ ಕುಳಿತ. ದಾರಿಯುದ್ದಕ್ಕೂ ತಗ್ಗು, ಗುಂಡಿ. ವ್ಯಾಪಾರಿಯ ಕಣ್ಣು ಡ್ರೈವರನ ಕೈಯ ಮೇಲಿತ್ತು. ಊರು ದಾಟಿದ ಮೇಲೆ ಆ ಕೈ ಒಂದರಿಂದ ಎರಡಕ್ಕೆ ಹೋಗುತ್ತಿತ್ತು, ಎರಡರಿಂದ ಒಂದಕ್ಕೆ ಬರುತ್ತಿತ್ತು. ಹಳ್ಳಿ ಮುಟ್ಟುವವರೆಗೂ ಅದು ಒಮ್ಮೆಯೂ ಮೂರನೆಯ ಗೇರಿಗೆ ಹೋಗಲಿಲ್ಲ. ವ್ಯಾಪಾರಿ ಅದನ್ನು ಹೆಂಡತಿಗೆ ಹೇಳಲಿಲ್ಲ. ಹೇಳುವ ಧೈರ್ಯ ಅವನಿಗಿರಲಿಲ್ಲ.

ಅವರು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು. ನೀಲವ್ವ ಚಿಗವ್ವ ಮಲಗುತ್ತಿದ್ದ ಖಾಲಿ ಹೊರಸಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತಳು, ಎದ್ದಳು, ಹಿಂದಿರುಗಿದಳು.

ಮುಂದಿನ ರವಿವಾರ ಗೆಳೆಯರು ಬಂದರು. ಅವರಿಗೂ ಸುದ್ದಿ ಮುಟ್ಟಿತ್ತು. ಪಾಪ, ಕೈಗೆ ಗೊತ್ತಿದ್ದದ್ದನ್ನೇ ಮಾಡಿದರು. ಯಾರೂ ನಗಲಿಲ್ಲ, ಯಾರೂ ಹೊಸ ದೋಷ ಹುಡುಕಲಿಲ್ಲ. ಪುಣೆಯ ಬಳೆಗಳು ಇನ್ನೂ ಬಂದಿರಲಿಲ್ಲ, ಹಳೆಯವನ್ನೇ ಹಾಕಿದರು. ಸಂಜೆಯೊಳಗೆ ಪೆಟ್ಟಿಗೆ ಮೇಲೇರಿ ಕೂತಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು. ಕಾರು ಓಣಿಯಲ್ಲಿ ಒಂದು ಸುತ್ತು ಹೋಗಿ ಬಂತು. ಗೇರು ಹಾರಲಿಲ್ಲ, ಸಪ್ಪಳವೂ ಇಲ್ಲ.

ವ್ಯಾಪಾರಿ ಬಾಗಿಲಿಗೆ ಬಂದು, ಕಾರು ಸರಿಯಾಗಿದೆ, ಬಾ ಎಂದು ಹೆಂಡತಿಯನ್ನು ಕರೆದ. ನೀಲವ್ವ ಗೋಡೆ ಹಿಡಿದುಕೊಂಡು ಹೊಸ್ತಿಲ ತನಕ ಬಂದಳು. ಕಾರನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಎಲ್ಲಿಗ್ರೀ?" ಎಂದಳು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಸಂಗಯ್ಯ ಕೇಳಿದ: "ಹಾಗಾದರೆ ಗುರುಗಳೇ, ಸಿಟ್ಟನ್ನು ಒಳಗೆ ಇಟ್ಟುಕೊಂಡೇ ಅಣ್ಣನ ಮುಂದೆ ನಿಲ್ಲಲೇ?"

ಗುರುಗಳು ಹೇಳಿದರು: "ನಿಮ್ಮೂರಿನ ಕೊನೆಯ ಬಸ್ಸು ಇನ್ನೂ ಹೊರಟಿಲ್ಲ."