ಹೂವಿಗೆ ಹಿಡಿದ ಕೊಡೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನನ್ನ ಮಗಳು ಚೆನ್ನಾಗಿ ಹಾಡುತ್ತಾಳೆ. ಸ್ವರ ತಪ್ಪದಿರಲೆಂದು ನಾನು ಪಕ್ಕದಲ್ಲೇ ಕೂರುತ್ತೇನೆ. ನಾನು ಕೂತೊಡನೆ ಅವಳ ದನಿ ಉಡುಗಿಹೋಗುತ್ತದೆ. ಹೀಗೇಕೆ?"

ಗುರು ನಕ್ಕು ಕತೆ ಹೇಳಿದರು.

ಒಬ್ಬ ಚಿತ್ರಗಾರನಿದ್ದ. ಅವನ ಅಕ್ಕ ಚಿಕ್ಕಂದಿನಲ್ಲಿ ಊರ ಗುಡ್ಡದ ಮೇಲೆ ದನ ಕಾಯುತ್ತಿದ್ದಳು. ಈಗ ಮಂಡಿನೋವು, ಗುಡ್ಡ ಹತ್ತಲಾರಳು. "ಆ ಹಳದಿ ಹೂವನ್ನು ಇನ್ನೊಂದು ಸಲ ನೋಡಬೇಕು ಕಣೋ" ಎಂದಳು. ಅದು ಬಿಸಿಲಿಗೆ ಮಾತ್ರ ಅರಳುವ ಕಾಡುಹೂವು. ಕಿತ್ತರೆ ಮನೆ ಮುಟ್ಟುವ ಮೊದಲೇ ಮುದುಡುತ್ತದೆ. ಅಲ್ಲೇ ಕೂತು ಚಿತ್ರ ಬರೆದು ತರಬೇಕು. ಹೂವಿನ ಕಾಲವೋ ಮುಗಿಯುತ್ತ ಬಂದಿತ್ತು.

ಚಿತ್ರಗಾರ ಕಾಗದ, ಕುಂಚ, ನೀರಿನ ಡಬ್ಬಿ, ಕೊಡೆ ಹೊತ್ತು ಗುಡ್ಡ ಹತ್ತಿದ. ಹೂವೇನೋ ಅರಳಿತ್ತು. ಆದರೆ ಸುಡುಬಿಸಿಲಿಗೆ ನೀರುಬಣ್ಣ ಹಚ್ಚಿದಲ್ಲೇ ಒಣಗಿತು, ತಿದ್ದಲು ಪುರುಸೊತ್ತೇ ಕೊಡಲಿಲ್ಲ. ಜಾಣನಲ್ಲವೇ! ದೊಡ್ಡ ಕೊಡೆ ಬಿಚ್ಚಿ ನೆಟ್ಟ. ಕಾಗದಕ್ಕೂ ನೆರಳು, ಹೂವಿಗೂ ನೆರಳು. ಬಣ್ಣ ಹದವಾಗಿ ಹರಡಿತು. ಎರಡು ಎಸಳು ಮುಗಿಸಿ ತಲೆಯೆತ್ತಿದರೆ ಹೂವು ಮುಚ್ಚಿಕೊಂಡಿದೆ! ಇನ್ನೊಂದು ಹೂವಿನ ಬಳಿ ಕೊಡೆ ನೆಟ್ಟ. ಅದೂ ಮುಚ್ಚಿಕೊಂಡಿತು. ಅಕ್ಕನಿಗೆ ಏನು ಹೇಳಲಿ ಎಂದು ಅವನಿಗೆ ಅಳುವೇ ಬಂತು.

ಕುರಿ ಮೇಯಿಸುತ್ತಿದ್ದ ಹೆಂಗಸೊಬ್ಬಳು ಇದನ್ನೆಲ್ಲ ನೋಡುತ್ತಿದ್ದಳು. "ಯಾಕಣ್ಣಾ, ಹಾಡುಹಗಲಲ್ಲೇ ಹೂವಿಗೆ ಕತ್ತಲು ಮಾಡಿದ್ದೀಯ? ಕೊಡೆ ಮಡಚು."

"ಮಡಚಿದರೆ ಚಿತ್ರ ಕೆಡುತ್ತದೆ ತಾಯೀ!"

"ಮಡಚದಿದ್ದರೆ ಹೂವೇ ಇಲ್ಲವಲ್ಲೋ!" ಎಂದು ಅವಳು ಬಿದ್ದು ಬಿದ್ದು ನಕ್ಕಳು.

ಅವನು ಕೊಡೆ ಮಡಚಿ ಕಾದ. ಬಿಸಿಲು ತಾಕಿ ಹೂವು ಮೆಲ್ಲಗೆ ಬಿಚ್ಚಿಕೊಂಡಿತು. ತಿದ್ದುವ ಆಸೆ ಬಿಟ್ಟು ಸರಸರನೆ ಬರೆದ. ಒಂದು ಎಸಳು ಸೊಟ್ಟಗಾಯಿತು, ಇನ್ನೊಂದರ ಬಣ್ಣ ಗೆರೆ ದಾಟಿತು. ಆಗಲಿ ಬಿಡು ಎಂದುಕೊಂಡ. ಬರೆಯುತ್ತ ಬರೆಯುತ್ತ ಅವನಿಗೆ ಖುಷಿ ತಡೆಯಲಾಗಲಿಲ್ಲ. ಕುರಿಗಳಿಗೆ ಕೇಳುವಂತೆ ಶಿಳ್ಳೆ ಹಾಕಿದ.

ಮನೆಯ ಒಳಕೋಣೆಯಲ್ಲಿ ಅಕ್ಕ ಚಿತ್ರ ನೋಡಿದಳು. ತನಗೇ ತಿಳಿಯದೆ ಕಣ್ಣಿಗೆ ಕೈ ಮರೆಮಾಡಿಕೊಂಡಳು. "ಅಬ್ಬಾ, ಗುಡ್ಡದ ಮೇಲೆ ಎಂಥಾ ಬಿಸಿಲೋ!" ಎಂದು ಹುಡುಗಿಯಂತೆ ನಕ್ಕಳು.

ಶಿಷ್ಯನೂ ನಕ್ಕ. "ಎಂಥಾ ಪೆದ್ದ, ಗುರುಗಳೇ! ಆದರೂ ಪಾಪ, ಕೊಡೆ ಬಿಚ್ಚಿದ್ದು ಒಳ್ಳೆಯದಕ್ಕೇ ಅಲ್ಲವೇ?"

"ಹೌದಪ್ಪಾ," ಎಂದರು ಗುರು, "ನೀನು ಮಗಳ ಪಕ್ಕ ಕೂರುವುದೂ ಒಳ್ಳೆಯದಕ್ಕೇ."