ತೆನೆಗೆಂದು ಹೊರಟ ತುತ್ತು

ಒಂದು ಕಾಡಿನಲ್ಲಿ, ಕೆರೆಯಂಚಿನ ಹಸಿಮಣ್ಣಿನಲ್ಲಿ, ಕಾಡುಭತ್ತದ ಗಿಡವೊಂದಿತ್ತು. ಅದರ ಬುಡದಲ್ಲಿ ಎರೆಹುಳುವೊಂದು ವಾಸವಾಗಿತ್ತು. ಭತ್ತ ಬೆಳೆದು ಕಾಳು ಕಟ್ಟಬೇಕಾದರೆ ರಂಜಕವೆಂಬ ಸತ್ವ ಬೇಕು. ಆದರೆ ಈ ರಂಜಕ ಮಹಾ ಸೋಮಾರಿ! ಮಣ್ಣಿಗೆ ಅಂಟಿಕೊಂಡು ಕೂತಲ್ಲೇ ಕೂರುತ್ತದೆ. ಬೇರುಗಳೇ ಅದನ್ನು ಹುಡುಕಿಕೊಂಡು ಹೋಗಬೇಕು. ಎರೆಹುಳು ಹಗಲಿರುಳೂ ಮಣ್ಣು ಸಡಿಲಿಸಿ ದಾರಿ ಮಾಡಿಕೊಟ್ಟಿತು. ಬೇರುಗಳು ರಂಜಕವನ್ನು ಹೀರಿ, ಕಾಂಡದೊಳಗಿಂದ ಮೇಲಕ್ಕೆ ಕಳಿಸಿದವು.

ತೆನೆ ಇನ್ನೂ ಹೊರಬಂದಿರಲಿಲ್ಲ. ಎಲೆಯ ಮಡಿಲೊಳಗೆ, ಬಟ್ಟೆ ಸುತ್ತಿದ ಕೂಸಿನಂತೆ ಮಲಗಿತ್ತು. ಗಿಡದ ಅತಿ ಹಳೆಯ ಎಲೆಯನ್ನು ಎಲ್ಲರೂ ಅಜ್ಜಿ ಎನ್ನುತ್ತಿದ್ದರು. ಆ ಕೂಸೆಂದರೆ ಅಜ್ಜಿಗೆ ಪ್ರಾಣ.

ಒಂದು ದಿನ ಕಾಂಡ ಕೊರೆಯುವ ಹುಳುವೊಂದು ಬಂದಿತು. "ಅಜ್ಜೀ, ಹೊರಗೆ ಹಕ್ಕಿಗಳ ಕಾಟ. ಕಾಂಡದೊಳಗೆ ಒಂದಿಷ್ಟು ಜಾಗ ಕೊಡಿ. ಕೂಸಿನ ಊಟ ನಾನೇ ನೋಡಿಕೊಳ್ಳುತ್ತೇನೆ" ಎಂದಿತು. ಪಾಪ, ಅಜ್ಜಿ ಒಪ್ಪಿದಳು. ಹುಳು ಒಳಹೊಕ್ಕು, ಸತ್ವ ಹರಿಯುವ ದಾರಿಯಲ್ಲೇ ಕೂತು ಕೊರೆದು ತಿನ್ನತೊಡಗಿತು.

ಪಕ್ಕದ ಕಪ್ಪೆ ಇದನ್ನು ಕಂಡಿತು. "ಅಜ್ಜೀ, ಕಾಂಡ ತೂತಾಗಿದೆ! ಪುಡಿ ಉದುರುತ್ತಿದೆ!" ಎಂದು ಕೂಗಿತು.

"ಅದು ಕಿಟಕಿ ಮಾರಾಯ! ಕೂಸಿಗೆ ಗಾಳಿ ಬೇಡವೇ?" ಎಂದಿತು ಹುಳು.

ಅಬ್ಬಾ, ಅದರ ಬಾಯಿಯೇ! ಅಜ್ಜಿ ಅದನ್ನೂ ನಂಬಿದಳು.

"ಕೂಸು ಹೇಗಿದೆ ಮಗಾ?" ಎಂದು ಕೇಳಿದಳು.

"ಗುಂಡುಗುಂಡಗಿದೆ ಅಜ್ಜೀ. ಆದರೂ ಹಸಿವು ಅಂತ ಅಳುತ್ತದೆ."

ಅಜ್ಜಿ ಒಂದು ಕ್ಷಣವೂ ತಡಮಾಡಲಿಲ್ಲ. ತನ್ನ ಮೈಯಲ್ಲಿದ್ದ ರಂಜಕವನ್ನೆಲ್ಲ ಕೂಸಿಗೆಂದು ಕಾಂಡಕ್ಕೆ ಇಳಿಸಿಬಿಟ್ಟಳು. ತುದಿಯಿಂದ ಹಳದಿಯಾಗುತ್ತ ಬಂದಳು. "ಸದ್ಯ, ಕೂಸು ಹೊಟ್ಟೆ ತುಂಬ ಉಂಡಿತು" ಎನ್ನುತ್ತಲೇ ಒಣಗಿ ಉದುರಿದಳು.

ಕೆಲವು ದಿನಗಳಾದ ಮೇಲೆ ತೆನೆ ಹೊರಬಂತು. ಬೆಳ್ಳಗೆ ಬಿಳಿಚಿಕೊಂಡಿತ್ತು. ಒಂದೇ ಒಂದು ಕಾಳಿರಲಿಲ್ಲ, ಬರೀ ಜೊಳ್ಳು. ಕಾಂಡವೂ ಒಣಗಿತು. ತಿನ್ನಲು ಏನೂ ಸಿಗದೆ ಹುಳು ತೂತಿನಿಂದ ತಲೆ ಹೊರಹಾಕಿತು. ಕಪ್ಪೆ ಅದನ್ನು ಗುಳುಂ ಎಂದು ನುಂಗಿತು.

"ಆ ಪಾಪಿ ಸತ್ತ, ಎರೆಯಣ್ಣ!" ಎಂದು ಕಪ್ಪೆ ನಡೆದದ್ದನ್ನೆಲ್ಲ ಹೇಳಿತು.

"ಅಜ್ಜಿ ಎಲ್ಲಿ?" ಎಂದಿತು ಎರೆಹುಳು. ಅದಕ್ಕೆ ಕಣ್ಣಿಲ್ಲ. ತಡಕಾಡುತ್ತ ಬಂದು, ಬಿದ್ದಿದ್ದ ಎಲೆಯನ್ನು ತುದಿಯಿಂದ ಬುಡದವರೆಗೆ ಮುಟ್ಟಿ ನೋಡಿತು. ಒಳಗೆ ಒಂದು ಕಣ ಸತ್ವವೂ ಉಳಿದಿರಲಿಲ್ಲ.

"ತನಗೆಂದು ಏನೂ ಇಟ್ಟುಕೊಳ್ಳಲಿಲ್ಲವಲ್ಲೋ ಕಪ್ಪೆ" ಎಂದು ಎರೆಹುಳು ಬಿಕ್ಕಿಬಿಕ್ಕಿ ಅತ್ತಿತು.

ನೀತಿ: ಮಗುವಿನ ತುತ್ತನ್ನು ಇನ್ನೊಬ್ಬರ ಕೈಯಲ್ಲಿ ಕಳಿಸಿದರೆ, ಅದು ಮಗುವಿನ ಬಾಯಿಗೆ ತಲುಪಿತೇ ಎಂದು ನಾವೇ ನೋಡಬೇಕು. ಕಳ್ಳನಿಗೆ ಶಿಕ್ಷೆಯಾದರೂ ಕಳೆದುಹೋದ ತುತ್ತು ಮರಳಿ ಬರುವುದಿಲ್ಲ.