ಕೆರೆದಂಡೆಯ ಹೆಜ್ಜೆ

ಮಾತನ್ನು ಪೂರ್ತಿ ಕೇಳದೆ ಯಾರೂ ಹೆಜ್ಜೆ ಒತ್ತಬಾರದು ಎಂಬುದು ಆ ಕಾಡಿನ ನಿಯಮ. ಹುಲಿಯೊಡನೆ ಹೋರಾಡಿ ಪ್ರಾಣಿಗಳು ಪಡೆದ ಹಕ್ಕದು: ಕೆರೆದಂಡೆಯ ಹಸಿಮಣ್ಣಿನಲ್ಲಿ ಎಲ್ಲರ ಹೆಜ್ಜೆ ಮೂಡಿದರೆ ಮಾತ್ರ ಯಾರದೇ ಮಾತು ಕಾನೂನಾಗುತ್ತಿತ್ತು.

"ಕೆರೆ ಎಲ್ಲರದು!" ಎಂದು ನರಿ ಕೂಗಿದ್ದೇ ತಡ, ಜಿಂಕೆ, ಮೊಲ, ಹಂದಿಗಳು ನಾ ಮುಂದು ತಾ ಮುಂದು ಎಂದು ಹೆಜ್ಜೆ ಒತ್ತಿದವು. ಉಳಿದದ್ದು ಆಮೆಯೊಂದೇ. ನರಿಯ ಅವಸರ ಕಂಡೇ ಅದಕ್ಕೆ ಅನುಮಾನ ಬಂತು.

"ಮುಂದಿನ ಮಾತು ಹೇಳಪ್ಪ."

"ಎಲ್ಲರೂ ಒತ್ತಿಯಾಯ್ತಜ್ಜ, ನಿನ್ನೊಬ್ಬನದೇನು ತಕರಾರು?"

"ಹೇಳದೆ ಒತ್ತಲಾರೆ."

ನರಿ ಗಂಟಲು ಸರಿಮಾಡಿಕೊಂಡಿತು. "ಯಾರು ಯಾವಾಗ ನೀರಿಗಿಳಿಯಬೇಕೆಂದು ಮೊಸಳೆ ಹೇಳುತ್ತದೆ. ಅಷ್ಟೇ."

ಜಿಂಕೆ ತಲೆ ತಗ್ಗಿಸಿತು. "ಒತ್ತಿದ್ದಾಗಿದೆ, ಈಗ ಹಿಂದೆಗೆದರೆ ಮರ್ಯಾದೆ ಹೋಗುತ್ತೆ. ನೀನೂ ಒತ್ತಿಬಿಡಜ್ಜ."

ಆಮೆ ನಾಲ್ಕೂ ಕಾಲುಗಳನ್ನು ಚಿಪ್ಪಿನೊಳಕ್ಕೆ ಎಳೆದುಕೊಂಡಿತು.